ಮಿನ್ನೆಸೋಟದ ಚಳಿಗಾಲ, ಹಿತ್ತಲಿನ ಹಕ್ಕಿಗಳು: ನಡುವೆ ಒಂದು ತಿಂಗಳು ಊರಿಗೆ ಹೋದರೆ ಕಾಳಿನ ಗತಿಯೇನು?

ಪ್ರಶ್ನೆ (ಮಿನಿಯಾಪೊಲಿಸ್ ಹೊರವಲಯದಿಂದ)

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನಲ್ಲಿದ್ದ ನಾವು ಈ ವರ್ಷದ ವಸಂತದಲ್ಲಿ ಮಿನ್ನೆಸೋಟಕ್ಕೆ ಬಂದಿದ್ದೇವೆ. ಇಲ್ಲಿಯ ಹಿಮದ ಚಳಿಗಾಲ ನಮಗೆ ಇದೇ ಮೊದಲನೆಯದು. ಮನೆಯ ಹಿಂದೆ ಸಣ್ಣ ಹುಲ್ಲುಹಾಸು, ಅದರಾಚೆ ಸಾಲಾಗಿ ಬೆಳೆದ ಸ್ಪ್ರೂಸ್ ಮರಗಳಿವೆ. ಅಕ್ಟೋಬರ್‌ನಲ್ಲಿ ಹಕ್ಕಿಗಳಿಗೆ ಕಾಳು ಹಾಕಿಡುವ ಒಂದು ಕೊಳವೆ ಫೀಡರ್ ಮತ್ತು ಒಂದು ತಟ್ಟೆ ಫೀಡರ್ ತೂಗುಹಾಕಿದೆವು. ಈಗ ಬೆಳಗಾಗುವ ಮುನ್ನವೇ ಕಾರ್ಡಿನಲ್ ಜೋಡಿ ಬರುತ್ತದೆ. ಆಮೇಲೆ ಚಿಕಡೀಗಳು, ಮರದ ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುವ ನಟ್‌ಹ್ಯಾಚ್, ಡೌನಿ ಮರಕುಟಿಗ, ಕೆಳಗೆ ಬಿದ್ದ ಕಾಳನ್ನು ಹೆಕ್ಕುವ ಬೂದುಬಣ್ಣದ ಜುಂಕೊಗಳು ಒಂದಾದ ಮೇಲೊಂದು ಬರುತ್ತವೆ. ನಮ್ಮ ಅತ್ತೆಯವರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಇವನ್ನೆಲ್ಲ ನೋಡುತ್ತ ಕೂರುತ್ತಾರೆ. ಮನೆಯಿಂದ ಹೊರಗೆ ಕಾಲಿಡಲಾಗದ ಈ ದಿನಗಳಲ್ಲಿ ಅವರಿಗೆ ಇದೊಂದು ದೊಡ್ಡ ಆಸರೆಯಾಗಿದೆ.

ನಮ್ಮ ಆತಂಕ ಇಷ್ಟು: ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಮೈಸೂರಿಗೆ ಹೊರಟು ಜನವರಿ ಕೊನೆಗೆ ಹಿಂದಿರುಗುತ್ತೇವೆ. ಇಲ್ಲಿ ಅತ್ಯಂತ ಕಠಿಣವಾದ ಚಳಿ ಬೀಳುವುದು ಆ ದಿನಗಳಲ್ಲಿಯೇ ಎಂದು ಕೇಳಿದ್ದೇವೆ. ಕಾಳು ಹಾಕಿ ರೂಢಿ ಮಾಡಿಸಿ, ಬೇಕಾದ ಹೊತ್ತಿನಲ್ಲಿ ಹಕ್ಕಿಗಳನ್ನು ನಡುನೀರಿನಲ್ಲಿ ಕೈಬಿಟ್ಟಂತಾಗುತ್ತದೆಯೇ? ಹಾಗಿದ್ದರೆ ಈಗಿನಿಂದಲೇ ನಿಲ್ಲಿಸುವುದು ಒಳ್ಳೆಯದೇ?

ಇನ್ನೆರಡು ಸಂದೇಹಗಳಿವೆ. ಚಳಿಗಾಲಕ್ಕೆ ಸೂಯೆಟ್ ಎಂಬ ಕೊಬ್ಬಿನ ಬಿಲ್ಲೆಯನ್ನು ಇಡಲೇಬೇಕು ಎಂದು ಕಾಳಿನ ಅಂಗಡಿಯವರು ಹೇಳಿದರು. ಅದು ದನದ ಕೊಬ್ಬಾದ್ದರಿಂದ ನಮ್ಮ ಮನೆಯಲ್ಲಿ ತರುವಂತಿಲ್ಲ. ಅದಕ್ಕೆ ಬದಲಾಗಿ ಏನನ್ನು ಇಡಬಹುದು? ಅತ್ತೆಯವರು ಮೈಸೂರಿನಲ್ಲಿ ಊಟಕ್ಕೆ ಮುಂಚೆ ಕಾಗೆಗೆ ಅನ್ನ ಇಡುತ್ತಿದ್ದಂತೆ ಇಲ್ಲಿಯೂ ತಟ್ಟೆಯಲ್ಲಿ ಒಂದು ತುತ್ತು ಅನ್ನ ಇಡುತ್ತಾರೆ. ಅದು ಸ್ವಲ್ಪ ಹೊತ್ತಿನಲ್ಲೇ ಕಲ್ಲಾಗುತ್ತದೆ. ಬೋಗುಣಿಯ ನೀರಿನದೂ ಇದೇ ಪಾಡು. ಅನುಭವಿಗಳು ದಯವಿಟ್ಟು ತಿಳಿಸಬೇಕು.


ಉತ್ತರ 1 (ಮ್ಯಾಡಿಸನ್, ವಿಸ್ಕಾನ್ಸಿನ್)

ನಮಸ್ಕಾರ. ನೀವು ಒಂದು ತಿಂಗಳು ಇಲ್ಲದಿದ್ದರೆ ನಿಮ್ಮ ಚಿಕಡೀಗಳಿಗೆ ಅದರಿಂದ ಕೇಡಾಗುವುದಿಲ್ಲ, ಆದ್ದರಿಂದ ಈಗಲೇ ನಿಲ್ಲಿಸುವ ಅಗತ್ಯವೂ ಇಲ್ಲ. ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಯನ್ನೇ ನಮ್ಮ ರಾಜ್ಯದಲ್ಲಿ ಇಬ್ಬರು ವಿಜ್ಞಾನಿಗಳು ಕಾಡಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಪರೀಕ್ಷಿಸಿ ನೋಡಿದ್ದಾರೆ. ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫೀಡರ್ ಇದ್ದ ಕಡೆ ಚಿಕಡೀಗಳಲ್ಲಿ ಶೇ. 69ರಷ್ಟು ಚಳಿಗಾಲವನ್ನು ದಾಟಿ ಬದುಕಿದವು, ಫೀಡರ್ ಇಲ್ಲದ ಕಡೆ ಶೇ. 37ರಷ್ಟು ಮಾತ್ರ ಬದುಕಿದವು. ಇಷ್ಟನ್ನೇ ಓದಿದರೆ ಯಾರಿಗಾದರೂ ಭಯವಾಗುತ್ತದೆ. ಆದರೆ ಈ ಅಂತರ ಮುಖ್ಯವಾಗಿ ಕಂಡುಬಂದದ್ದು ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅಂದರೆ ಇಲ್ಲಿಯ ಲೆಕ್ಕದ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ, ಹಲವು ದಿನ ಇಳಿದ ತಿಂಗಳುಗಳಲ್ಲಿ. ಸಾಧಾರಣ ಚಳಿಯ ತಿಂಗಳುಗಳಲ್ಲಿ ಎರಡೂ ಕಡೆಯ ಹಕ್ಕಿಗಳು ಹೆಚ್ಚುಕಡಿಮೆ ಒಂದೇ ರೀತಿ ಬದುಕಿದ್ದವು.

ನಿಮಗೆ ನಿಜವಾಗಿ ಬೇಕಾದ ಉತ್ತರ ಅವರ 1992ರ ಅಧ್ಯಯನದಲ್ಲಿದೆ. ಇಪ್ಪತ್ತೈದು ವರ್ಷಗಳಿಂದ ಕಾಳು ಹಾಕುತ್ತ ಬಂದಿದ್ದ ಒಂದು ಜಾಗದಲ್ಲಿ ಫೀಡರ್‌ಗಳನ್ನು ತೆಗೆದುಹಾಕಿ, ಅಲ್ಲಿಯ ಚಿಕಡೀಗಳನ್ನು ಎಂದೂ ಫೀಡರ್ ಕಾಣದ ಇನ್ನೊಂದು ಕಾಡಿನ ಚಿಕಡೀಗಳೊಂದಿಗೆ ಹೋಲಿಸಿದರು. ಎರಡು ಕಡೆಯೂ ಬದುಕಿ ಉಳಿದವುಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಷ್ಟು ದೀರ್ಘಕಾಲ ಸುಲಭದ ಕಾಳು ತಿಂದರೂ ಆ ಹಕ್ಕಿಗಳು ತೊಗಟೆಯ ಸಂದಿಯಲ್ಲಿ ಹುಳದ ಮೊಟ್ಟೆ, ಜೇಡ, ಕಾಡುಬೀಜಗಳನ್ನು ಹುಡುಕುವುದನ್ನು ಮರೆತಿರಲಿಲ್ಲ. ಫೀಡರ್ ಪಕ್ಕದಲ್ಲೇ ಇದ್ದರೂ ಚಿಕಡೀ ತನ್ನ ಆಹಾರದ ಬಹುಪಾಲನ್ನು ಹೊರಗಿನಿಂದಲೇ ಸಂಪಾದಿಸುತ್ತದೆ.

ಈ ಹಕ್ಕಿಯ ದೇಹದ ವ್ಯವಸ್ಥೆಯನ್ನು ಅರಿತರೆ ಇದು ಆಶ್ಚರ್ಯವೆನಿಸುವುದಿಲ್ಲ. ಹತ್ತು ಹನ್ನೆರಡು ಗ್ರಾಂ ತೂಗುವ ಈ ಜೀವ ರಾತ್ರಿಯ ಹೊತ್ತು ತನ್ನ ಮೈಬಿಸಿಯನ್ನು ಹತ್ತು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ತಗ್ಗಿಸಿಕೊಂಡು, ಹಗಲಲ್ಲಿ ಕೂಡಿಟ್ಟ ಕೊಬ್ಬನ್ನು ಮಿತವಾಗಿ ಖರ್ಚುಮಾಡುತ್ತದೆ. ಶರತ್ಕಾಲದಿಂದಲೇ ಸಾವಿರಾರು ಬೀಜಗಳನ್ನು ಒಂದೊಂದಾಗಿ ಬೇರೆಬೇರೆ ಸಂದಿಗಳಲ್ಲಿ ಬಚ್ಚಿಟ್ಟು, ವಾರಗಳ ನಂತರವೂ ಆ ಜಾಗಗಳನ್ನು ನೆನಪಿಟ್ಟುಕೊಂಡು ಹುಡುಕಿ ತೆಗೆಯುತ್ತದೆ. ಈಗ ನಿಮ್ಮ ಫೀಡರ್‌ನಿಂದ ಒಂದೊಂದೇ ಕಾಳು ಕಚ್ಚಿಕೊಂಡು ಹಾರಿಹೋಗುವ ಚಿಕಡೀಗಳು ಅದರಲ್ಲಿ ಒಂದು ಪಾಲನ್ನು ಸ್ಪ್ರೂಸ್ ಮರಗಳಲ್ಲಿ ಅಡಗಿಸುತ್ತಿವೆ. ಆದ್ದರಿಂದ ಹೊರಡುವವರೆಗೂ ಧಾರಾಳವಾಗಿ ಹಾಕಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಈ ಅಧ್ಯಯನಗಳು ನಡೆದದ್ದು ಚಿಕಡೀಗಳ ಮೇಲೆ. ಕಾರ್ಡಿನಲ್ ಹೀಗೆ ಬೀಜ ಬಚ್ಚಿಡುವ ಹಕ್ಕಿಯಲ್ಲ. ಮಳೆನೀರು ಕೊಂಬೆಗಳ ಮೇಲೆ ಬಿದ್ದೊಡನೆ ಗಾಜಿನ ಹೊದಿಕೆಯಂತೆ ಹೆಪ್ಪುಗಟ್ಟುವ ಮಂಜುಗಡ್ಡೆಯ ಬಿರುಗಾಳಿಯ ದಿನ ಬೀಜ, ಹಣ್ಣು, ತೊಗಟೆಯ ಹುಳ ಎಲ್ಲವೂ ಅದರೊಳಗೆ ಸಿಕ್ಕಿಬೀಳುತ್ತವೆ. ಆಳವಾದ ಚಳಿಯ ಮತ್ತು ಇಂತಹ ಬಿರುಗಾಳಿಯ ದಿನಗಳಲ್ಲಿ ನೆರೆಯವರೊಬ್ಬರು ಬಂದು ತಟ್ಟೆಗೆ ಎರಡು ಹಿಡಿ ಕಾಳು ಹಾಕುವ ಏರ್ಪಾಡು ಮಾಡಿಕೊಂಡರೆ ಸಾಕು, ದಿನವೂ ಬರಬೇಕಾಗಿಲ್ಲ. ಅಂಥವರು ಯಾರೂ ಸಿಗದಿದ್ದರೆ ಫೀಡರ್‌ಗಳನ್ನು ತೊಳೆದು ಒಣಗಿಸಿ ಒಳಗಿಟ್ಟು ಹೋಗಿ. ಅರ್ಧ ತುಂಬಿದ ಕೊಳವೆಯನ್ನು ತಿಂಗಳುಗಟ್ಟಲೆ ಹೊರಗೆ ಬಿಟ್ಟರೆ ಹಿಮ ಒಳಸೇರಿ, ಕರಗಿ, ಕಾಳು ಬೂಷ್ಟು ಹಿಡಿಯುತ್ತದೆ. ಫೀಡರ್ ಇಲ್ಲದಿರುವುದಕ್ಕಿಂತ ಅದು ಹಕ್ಕಿಗಳಿಗೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.


ಉತ್ತರ 2 (ಶಿಕಾಗೊ ಬಳಿಯಿಂದ, ಮೂಲ ವಿಜಯಪುರ ಜಿಲ್ಲೆ)

ಮೇಲಿನವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಕಾಳಿನ ಬಗ್ಗೆ ಮತ್ತು ಸೂಯೆಟ್ ಬಗ್ಗೆ ಬರೆಯುತ್ತೇನೆ.

ಸೂಯೆಟ್ ಇಡಲೇಬೇಕೆಂಬ ನಿಯಮವೇನೂ ಇಲ್ಲ. ಹಕ್ಕಿಗೆ ಚಳಿಯಲ್ಲಿ ಬೇಕಾದದ್ದು ಕೊಬ್ಬಿನಂಶ, ಅದು ಎಣ್ಣೆಬೀಜಗಳಲ್ಲಿ ಸಾಕಷ್ಟಿದೆ. ನಮ್ಮದೂ ಸಸ್ಯಾಹಾರಿ ಮನೆ; ಎಷ್ಟೋ ಚಳಿಗಾಲಗಳಿಂದ ಕೊಬ್ಬಿನ ಬಿಲ್ಲೆಯಿಲ್ಲದೆಯೇ ಡೌನಿ ಮತ್ತು ಕೆಂಪುಹೊಟ್ಟೆಯ ಮರಕುಟಿಗಗಳು ತಪ್ಪದೆ ಬರುತ್ತಿವೆ. ಉಪ್ಪಿಲ್ಲದ ಹುರಿದ ಶೇಂಗಾವನ್ನು ತಂತಿಯ ಬಲೆಯ ಫೀಡರ್‌ನಲ್ಲಿ ತುಂಬಿಟ್ಟರೆ ಮರಕುಟಿಗ, ನಟ್‌ಹ್ಯಾಚ್, ಚಿಕಡೀ ಮೂರಕ್ಕೂ ಇಷ್ಟ. ಇನ್ನೂ ಗಟ್ಟಿಯಾದ ಆಹಾರ ಬೇಕೆಂದರೆ ಒಂದು ಪಾಲು ಪೀನಟ್ ಬಟರ್‌ಗೆ ನಾಲ್ಕೈದು ಪಾಲು ಗೋವಿನಜೋಳದ ಹಿಟ್ಟನ್ನು, ಅಂದರೆ ಇಲ್ಲಿಯ ಕಾರ್ನ್‌ಮೀಲ್ ಅನ್ನು, ಕಲಸಿ, ಪೈನ್ ಕಾಯಿಯ ಸಂದಿಗಳಲ್ಲಿ ಅಥವಾ ತೂತು ಕೊರೆದ ಮರದ ತುಂಡಿನಲ್ಲಿ ಒತ್ತಿ ತೂಗುಹಾಕಿ. ಪೀನಟ್ ಬಟರ್‌ನಲ್ಲಿ ಉಪ್ಪು, ಸಕ್ಕರೆ, ಸಕ್ಕರೆಯ ಬದಲಿಗೆ ಹಾಕುವ ಸಿಹಿಕಾರಕ ಯಾವುದೂ ಇರಬಾರದು. ಶೇಂಗಾ ಒದ್ದೆಯಾದರೆ ಬೂಷ್ಟು ಬಹಳ ಬೇಗ ಹಿಡಿಯುತ್ತದೆ, ಆ ಬೂಷ್ಟಿನ ವಿಷ ಹಕ್ಕಿಗಳನ್ನು ಕೊಲ್ಲಬಲ್ಲದು. ಆದ್ದರಿಂದ ಎರಡು ಮೂರು ದಿನಕ್ಕೆ ಮುಗಿಯುವಷ್ಟನ್ನೇ ಹಾಕಿ.

ಕಾಳು ಕೊಳ್ಳುವಾಗ ಅಗ್ಗದ ಮಿಶ್ರಣದ ಚೀಲಕ್ಕೆ ಕೈಹಾಕಬೇಡಿ. ಅದರಲ್ಲಿ ಬಹುಪಾಲು ಮೈಲೊ ಎಂಬ ಕೆಂಪು ಜೋಳ, ಗೋದಿ, ಓಟ್ಸ್ ತುಂಬಿರುತ್ತದೆ. ನಮ್ಮ ಕಡೆ ಜೋಳದ ತೆನೆಗೆ ಹಕ್ಕಿಗಳು ಹಿಂಡುಹಿಂಡಾಗಿ ಬೀಳುವುದನ್ನು ಕಂಡವರಿಗೆ ನಂಬಲು ಕಷ್ಟವಾಗಬಹುದು, ಆದರೆ ನಿಮ್ಮ ಹಿತ್ತಲಿಗೆ ಬರುವ ಹಕ್ಕಿಗಳಲ್ಲಿ ಹೆಚ್ಚಿನವು ಆ ಕೆಂಪು ಜೋಳವನ್ನು ಕೊಕ್ಕಿನಿಂದ ಚೆಲ್ಲಿ ಕೆಳಗೆ ಬೀಳಿಸುತ್ತವೆ, ಅದು ಅಲ್ಲೇ ಕೊಳೆತು ಇಲಿಗಳನ್ನು ಕರೆಯುತ್ತದೆ. ಕಪ್ಪು ಸೂರ್ಯಕಾಂತಿ ಬೀಜವೊಂದನ್ನೇ ಕೊಂಡರೂ ನಿಮ್ಮ ಹಕ್ಕಿಗಳಲ್ಲಿ ಬಹುತೇಕ ಎಲ್ಲಕ್ಕೂ ಆಗುತ್ತದೆ. ಅದರ ಸಿಪ್ಪೆ ತೆಳು, ಒಳಗೆ ಎಣ್ಣೆ ಹೆಚ್ಚು. ಕಾರ್ಡಿನಲ್‌ಗೆ ಅದರೊಂದಿಗೆ ಕುಸುಬೆ ಕೊಡಿ. ನಮ್ಮ ಹೊಲಗಳಲ್ಲಿ ಜೋಳದ ಸುತ್ತ ಬೇಲಿಯಂತೆ ಬಿತ್ತುವ ಅದೇ ಮುಳ್ಳುಗಿಡದ ಬೀಜ. ಇಲ್ಲಿಯ ಅಳಿಲುಗಳಿಗೆ ಅದು ಅಷ್ಟಾಗಿ ರುಚಿಸುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಜುಂಕೊಗಳಿಗೆ ಬಿಳಿ ಬರಗು ಪ್ರಿಯವಾದದ್ದು, ಅದನ್ನು ತಗ್ಗಾದ ತಟ್ಟೆಯಲ್ಲಿ ಅಥವಾ ಹಿಮ ಸರಿಸಿದ ನೆಲದ ಮೇಲೆ ಹಾಕಿ.

ಗೋಲ್ಡ್‌ಫಿಂಚ್‌ಗಳು ಬಂದರೆ ಅವಕ್ಕೆ ಬೇಕಾದದ್ದು ಗುರೆಳ್ಳು. ಇಲ್ಲಿ ನೈಜರ್ ಎಂಬ ಹೆಸರಿನಲ್ಲಿ ಮಾರುವ ಈ ಬೀಜ ಇಥಿಯೋಪಿಯ, ಭಾರತ ಮುಂತಾದ ಕಡೆಗಳಿಂದ ಬರುತ್ತದೆ. ಅದರೊಂದಿಗೆ ಕಳೆಬೀಜಗಳು ಬಂದು ಮೊಳೆಯಬಾರದೆಂದು ಅಮೆರಿಕದ ಕೃಷಿ ಇಲಾಖೆ ಅದನ್ನು ಬಿಸಿಯಲ್ಲಿ ಹಾಯಿಸಿಯೇ ಒಳಬಿಡುತ್ತದೆ. ಹಳೆಯದಾಗಿ ಎಣ್ಣೆ ಆರಿದ ಗುರೆಳ್ಳನ್ನು ಹಕ್ಕಿಗಳು ಮುಟ್ಟುವುದಿಲ್ಲ. ಒಂದು ಚಿಟಿಕೆಯನ್ನು ಉಗುರಿನಿಂದ ಒತ್ತಿ ಕಾಗದದ ಮೇಲೆ ಎಣ್ಣೆಯ ಕಲೆ ಬೀಳುತ್ತದೆಯೇ ನೋಡಿ. ಚಟ್ನಿಪುಡಿಗೆಂದು ಮನೆಯಲ್ಲಿ ಹುರಿದಿಟ್ಟದ್ದು, ಉಪ್ಪು ಖಾರ ತಾಗಿದ್ದು ಬೇಡ.

ಅತ್ತೆಯವರ ಅನ್ನದ ವಿಷಯ. ಉಪ್ಪಿಲ್ಲದ ಬರೀ ಅನ್ನ ಹಕ್ಕಿಗೆ ವಿಷವೇನಲ್ಲ. ಆದರೆ ಅದರಲ್ಲಿ ಕೊಬ್ಬು ಇಲ್ಲ, ಹೆಪ್ಪುಗಟ್ಟಿದ ಮೇಲೆ ತಿನ್ನಲೂ ಬರುವುದಿಲ್ಲ. ಅವರ ರೂಢಿಯನ್ನು ನಿಲ್ಲಿಸಬೇಡಿ ಎಂದೇ ನಾನು ಕೇಳಿಕೊಳ್ಳುತ್ತೇನೆ. ಅನ್ನದ ಬದಲು ಸಿಪ್ಪೆಸಹಿತ ಶೇಂಗಾವನ್ನು, ಉಪ್ಪಿಲ್ಲದ್ದನ್ನು, ಒಂದು ಹಿಡಿ ಬಯಲಿನಲ್ಲಿ ಹಾಕಲು ಹೇಳಿ. ಮಿನಿಯಾಪೊಲಿಸ್‌ನಲ್ಲಿ ಚಳಿಗಾಲದ ಸಂಜೆ ಕಾಗೆಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ತಂಗುತ್ತವೆ. ಒಂದು ಕಾಗೆ ಶೇಂಗಾ ಕಂಡುಹಿಡಿದರೆ ಉಳಿದವು ತಾವಾಗಿಯೇ ಬರುತ್ತವೆ. ಬ್ಲೂ ಜೇ ಹಕ್ಕಿಗಳಂತೂ ಅದಕ್ಕೂ ಮುಂಚೆ ಹಾಜರಾಗುತ್ತವೆ.


ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಗೆಯ ವಿಷಯ ಓದಿ ಹೇಳಿದಾಗ ಅತ್ತೆಯವರಿಗೆ ಬಹಳ ಸಂತೋಷವಾಯಿತು. ಈ ನಡುವೆ ಹೊಸದೊಂದು ಚಿಂತೆ ಹುಟ್ಟಿದೆ. ಕೆಂಪು ಎದೆಯ ಒಂದು ಹೌಸ್ ಫಿಂಚ್ ಕೊಳವೆ ಫೀಡರ್‌ನ ಮೇಲೆ ಬಹಳ ಹೊತ್ತು ಅಲುಗಾಡದೆ ಕುಳಿತಿರುತ್ತದೆ. ಅದರ ಒಂದು ಕಣ್ಣು ಊದಿ, ಸುತ್ತಲೂ ಹೆಕ್ಕಳೆಗಟ್ಟಿದೆ. ಬೇರೆ ಹಕ್ಕಿಗಳು ಹಾರಿಹೋದರೂ ಅದು ಹೋಗುವುದಿಲ್ಲ. ಏನು ಮಾಡಬೇಕು?


ಉತ್ತರ 3 (ಡುಲುತ್, ಮಿನ್ನೆಸೋಟ, ವೃತ್ತಿಯಲ್ಲಿ ಪಶುವೈದ್ಯೆ)

ದಯವಿಟ್ಟು ಎರಡೂ ಫೀಡರ್‌ಗಳನ್ನು ಇಂದೇ ಇಳಿಸಿ. ನೀವು ವರ್ಣಿಸಿರುವುದು ಹೌಸ್ ಫಿಂಚ್‌ಗಳ ಕಣ್ಣುಬೇನೆಯ ಲಕ್ಷಣ. ಕೋಳಿಗಳಲ್ಲಿ ಶ್ವಾಸರೋಗ ತರುವ ಮೈಕೊಪ್ಲಾಸ್ಮ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯ ಇದಕ್ಕೆ ಕಾರಣ. 1994ರ ಚಳಿಗಾಲದಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಫೀಡರ್ ಇಟ್ಟಿದ್ದ ಜನರೇ ಇದನ್ನು ಮೊದಲು ಗಮನಿಸಿ ವರದಿ ಮಾಡಿದರು. ಕೆಲವೇ ವರ್ಷಗಳಲ್ಲಿ ಪೂರ್ವ ಅಮೆರಿಕದುದ್ದಕ್ಕೂ ಹರಡಿತು. ಕೊಳವೆ ಫೀಡರ್‌ನ ತೂತಿಗೆ ಹಕ್ಕಿ ತಲೆ ತೂರಿಸಿದಾಗ ಕಣ್ಣಿನ ಸ್ರಾವ ಆ ಅಂಚಿಗೆ ತಾಗುತ್ತದೆ, ಮುಂದಿನ ಹಕ್ಕಿಗೆ ಅಲ್ಲಿಂದ ಅಂಟುತ್ತದೆ. ಇದು ಮನುಷ್ಯರಿಗೆ ಅಂಟುವ ರೋಗವಲ್ಲ. ಹಕ್ಕಿಯನ್ನು ಹಿಡಿದು ಔಷಧಿ ಹಾಕುವ ಪ್ರಯತ್ನ ಮಾಡಬೇಡಿ. ಕಾಡುಹಕ್ಕಿಯನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲಿಯ ಕಾನೂನಿಗೆ ವಿರುದ್ಧ. ಅದು ಹಾರಲಾಗದೆ ಕೈಗೇ ಸಿಗುವಂತಾದರೆ ಪರವಾನಗಿ ಪಡೆದ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಕರೆ ಮಾಡಿ.

ಎರಡು ವಾರ ಫೀಡರ್ ಖಾಲಿ ಇರಲಿ, ಹಕ್ಕಿಗಳು ಚದುರಲಿ. ಮಂಜು ಸುರಿಯುವಾಗ ಹೀಗೆ ಮಾಡಲು ಮನಸ್ಸು ಒಪ್ಪುವುದಿಲ್ಲ ಎಂಬುದನ್ನು ಬಲ್ಲೆ, ಆದರೆ ಮೇಲೆ ಮ್ಯಾಡಿಸನ್‌ನವರು ಹೇಳಿದ ಅಧ್ಯಯನವೇ ನಿಮಗೆ ಧೈರ್ಯ ಕೊಡಬೇಕು. ಆ ಅವಧಿಯಲ್ಲಿ ಹಳೆಯ ಕಾಳನ್ನೆಲ್ಲ ಕಸಕ್ಕೆ ಹಾಕಿ. ಫೀಡರ್‌ನ ಭಾಗಗಳನ್ನು ಬಿಡಿಸಿ, ಅಂಟಿದ ಕೊಳೆಯನ್ನು ಮೊದಲು ಸಾಬೂನು ನೀರಿನಲ್ಲಿ ಉಜ್ಜಿ ತೆಗೆಯಿರಿ. ಕೊಳೆಯಿರುವ ಮೇಲ್ಮೈಯಲ್ಲಿ ಬ್ಲೀಚ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಂತರ ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಮುಳುಗಿಸಿ, ಚೆನ್ನಾಗಿ ಜಾಲಾಡಿ, ತೇವದ ಸುಳಿವೂ ಇಲ್ಲದಂತೆ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯ ಸಿಂಕ್ ಬಳಸಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. 2020–21ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್ ಎಂಬ ಪುಟ್ಟ ಹಕ್ಕಿಗಳು ಉತ್ತರದ ಕಾಡುಗಳಿಂದ ದೊಡ್ಡ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಬಂದು, ಫೀಡರ್‌ಗಳಲ್ಲಿ ಗುಂಪುಗಟ್ಟಿ, ಸಾಲ್ಮೊನೆಲ್ಲ ಸೋಂಕಿನಿಂದ ಸತ್ತವು. 2021ರಲ್ಲಿ ಹಲವು ರಾಜ್ಯಗಳ ಜನರಿಗೂ ಆ ಸೋಂಕು ತಗುಲಿದ್ದನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ ದಾಖಲಿಸಿತು. ಮನೆಯಲ್ಲಿ ಹಿರಿಯರಿದ್ದಾರೆ, ನೆನಪಿರಲಿ. ರೋಗವಿಲ್ಲದ ದಿನಗಳಲ್ಲಿಯೂ ಎರಡು ವಾರಕ್ಕೊಮ್ಮೆ ಈ ತೊಳೆಯುವ ಕೆಲಸ ತಪ್ಪಬಾರದು. ಕೆಳಗೆ ಬಿದ್ದ ಸಿಪ್ಪೆಯ ರಾಶಿಯನ್ನೂ ಆಗಾಗ ಗುಡಿಸಿ, ಏಕೆಂದರೆ ಜುಂಕೊಗಳು ತಿನ್ನುವುದು ಹಿಕ್ಕೆ ಬಿದ್ದ ಆ ನೆಲದ ಮೇಲಿಂದಲೇ.

ನೀರಿನ ಬಗ್ಗೆ ಕೇಳಿದ್ದಿರಿ. ಹಕ್ಕಿಗಳು ಹಿಮವನ್ನೇ ನುಂಗಿ ಬಾಯಾರಿಕೆ ತಣಿಸಿಕೊಳ್ಳಬಲ್ಲವು, ಆದರೆ ಅದನ್ನು ಕರಗಿಸಲು ಮೈಬಿಸಿ ಖರ್ಚಾಗುತ್ತದೆ. ಥರ್ಮೋಸ್ಟಾಟ್ ಇರುವ, ಬಿಸಿ ಮಾಡುವ ಬೋಗುಣಿ ಕೊಂಡು, ವಿದ್ಯುತ್ ಸೋರಿದೊಡನೆ ತಾನಾಗಿಯೇ ಕಡಿದುಹೋಗುವ, ಹೊರಾಂಗಣದ ಜಿಎಫ್‌ಸಿಐ ಪ್ಲಗ್‌ಗೆ ಜೋಡಿಸಿ. ಹೆಪ್ಪುಗಟ್ಟದಿರಲೆಂದು ನೀರಿಗೆ ಉಪ್ಪು, ಗ್ಲಿಸರಿನ್, ಇನ್ನಾವುದೇ ದ್ರವ ಬೆರೆಸಲೇಬಾರದು. ತೀವ್ರ ಚಳಿಯಲ್ಲಿ ಹಕ್ಕಿ ಇಳಿದು ಮೈ ತೋಯಿಸಿಕೊಂಡರೆ ಗರಿಗಳೇ ಹೆಪ್ಪುಗಟ್ಟುತ್ತವೆ. ಬೋಗುಣಿಯಲ್ಲಿ ದಪ್ಪ ಕಲ್ಲುಗಳನ್ನು ಜೋಡಿಸಿ, ಕೊಕ್ಕು ಹೋಗುವಷ್ಟೇ ಜಾಗ ಬಿಡಿ. ಊರಿಗೆ ಹೊರಡುವಾಗ ಇದರ ಪ್ಲಗ್ ಕಿತ್ತು ಹೋಗಿ, ನೀರು ಆರಿದ ಮೇಲೂ ಅದು ಕಾಯುತ್ತಿರಬಾರದು.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಅತ್ತೆಯವರು ಕೂರುವ ಕಿಟಕಿಯಿಂದ ಫೀಡರ್ ಎಷ್ಟು ದೂರದಲ್ಲಿದೆ? ಅಮೆರಿಕದಲ್ಲಿ ಪ್ರತಿವರ್ಷ 36 ಕೋಟಿಯಿಂದ 99 ಕೋಟಿಯವರೆಗೆ ಹಕ್ಕಿಗಳು ಕಟ್ಟಡಗಳ ಗಾಜಿಗೆ ಬಡಿದು ಸಾಯುತ್ತವೆ ಎಂದು 2014ರ ಅಂದಾಜು ಹೇಳುತ್ತದೆ, ಅದರಲ್ಲಿ ವಾಸದ ಮನೆಗಳ ಪಾಲು ಸಣ್ಣದಲ್ಲ. ಫೀಡರ್ ಕಿಟಕಿಯಿಂದ ಮೂರು ಅಡಿಯೊಳಗೆ ಇದ್ದರೆ ಬೆಚ್ಚಿ ಹಾರಿದ ಹಕ್ಕಿಗೆ ಪೆಟ್ಟಾಗುವಷ್ಟು ವೇಗ ಬರುವುದಿಲ್ಲ. ಮೂವತ್ತು ಅಡಿಗಿಂತ ಆಚೆ ಇದ್ದರೆ ಗಾಜಿನತ್ತ ಬರುವ ಸಂಭವ ಕಡಿಮೆ. ಅಪಾಯವಿರುವುದು ಇವೆರಡರ ನಡುವೆ. ಸ್ಥಳ ಬದಲಿಸಲಾಗದಿದ್ದರೆ ಗಾಜಿನ ಹೊರಮೈಗೆ ಎರಡೆರಡು ಇಂಚಿಗೊಂದರಂತೆ ಚುಕ್ಕಿಗಳನ್ನು ಅಂಟಿಸಿ. ರಂಗೋಲಿಗೆ ಚುಕ್ಕಿ ಇಟ್ಟಂತೆ ಇಡೀ ಗಾಜು ತುಂಬಬೇಕು. ಒಂದೆರಡು ಹದ್ದಿನ ಚಿತ್ರ ಅಂಟಿಸಿದರೆ ಪ್ರಯೋಜನವಿಲ್ಲ.

ನಮ್ಮಂತೆ ಉತ್ತರದಲ್ಲಿರುವವರಿಗೆ ಕರಡಿಯ ಚಿಂತೆಯೂ ಇದೆ. ಏಪ್ರಿಲ್‌ನಿಂದ ನವೆಂಬರ್ ನಡುವಿನವರೆಗೆ ನಾವು ಫೀಡರ್ ಇಡುವುದಿಲ್ಲ. ನೀವಿರುವ ಕಡೆ ಅದರ ತೊಂದರೆ ಅಪರೂಪ.


ಉತ್ತರ 4 (ಪ್ಲಿಮತ್, ಮಿನ್ನೆಸೋಟ)

ನಮಸ್ಕಾರ. ನಾವೂ ಮಿನಿಯಾಪೊಲಿಸ್‌ನ ಪಶ್ಚಿಮ ಹೊರವಲಯದಲ್ಲೇ ಇದ್ದೇವೆ, ಈ ಸಲ ಡಿಸೆಂಬರ್, ಜನವರಿಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಮನೆ ಹತ್ತಿರವಿದ್ದರೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವ ದಿನಗಳಲ್ಲಿ ನಾನು ಬಂದು ತಟ್ಟೆಗೆ ಕಾಳು ಹಾಕಿ ಹೋಗುತ್ತೇನೆ. ಅದಕ್ಕೆ ಕಣ್ಣುಬೇನೆಯ ಎರಡು ವಾರ ಕಳೆದಿರಬೇಕು, ತಟ್ಟೆ ಒಂದನ್ನೇ ಹೊರಗೆ ಬಿಟ್ಟು ಕೊಳವೆಯನ್ನು ಒಳಗಿಟ್ಟಿರಬೇಕು. ತಟ್ಟೆಯಾದರೆ ಹಿಮವನ್ನು ಕೈಯಿಂದಲೇ ಕೊಡವಿ, ಆ ದಿನಕ್ಕೆ ಸಾಕಾಗುವಷ್ಟು ಹಾಕಬಹುದು. ಸಾಧ್ಯವಾದರೆ ಕತ್ತಲಾಗುವುದಕ್ಕೆ ಒಂದೆರಡು ಗಂಟೆ ಮುಂಚೆ ಬರುತ್ತೇನೆ, ಏಕೆಂದರೆ ರಾತ್ರಿಯನ್ನು ಕಳೆಯಲು ಬೇಕಾದ ಕೊಬ್ಬನ್ನು ಹಕ್ಕಿಗಳು ತುಂಬಿಕೊಳ್ಳುವ ಹೊತ್ತು ಅದು. ಸೂರ್ಯಕಾಂತಿ ಬೀಜವನ್ನು ಬಿಗಿಯಾದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹೊರಗಿಟ್ಟು ಹೋಗಿ. ಪ್ಲಾಸ್ಟಿಕ್ ಡಬ್ಬಿಯನ್ನು ಅಳಿಲುಗಳು ಕಡಿದುಹಾಕುತ್ತವೆ.

ಅತ್ತೆಯವರಿಗೆ ಇಷ್ಟವಾಗುವುದಾದರೆ ಇನ್ನೊಂದು ಸಲಹೆಯಿದೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಬರ್ಡ್ಸ್ ಕೆನಡಾ ಸೇರಿ ನಡೆಸುವ ಪ್ರಾಜೆಕ್ಟ್ ಫೀಡರ್‌ವಾಚ್ ಎಂಬ ಎಣಿಕೆ ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ನಡೆಯುತ್ತದೆ. ಕಿಟಕಿಯ ಬಳಿ ಕುಳಿತೇ ಯಾವ ಜಾತಿಯ ಹಕ್ಕಿಗಳು ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ಕಂಡವು ಎಂದು ಬರೆದು ಕಳಿಸಬೇಕು. ನಡುವೆ ಒಂದು ತಿಂಗಳು ಇಲ್ಲದಿದ್ದರೂ ತೊಂದರೆಯಿಲ್ಲ. ಕಣ್ಣುಬೇನೆಯ ಹಕ್ಕಿ ಕಂಡರೆ ಅದನ್ನೂ ಅಲ್ಲಿ ದಾಖಲಿಸಬಹುದು. ಫೆಬ್ರುವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಕರ್ನಾಟಕದ ಪಕ್ಷಿಪ್ರಿಯರೂ ಪಾಲ್ಗೊಳ್ಳುತ್ತಾರೆ, ನೀವು ಹಿಂದಿರುಗುವ ಹೊತ್ತಿಗೆ ಅದು ಬರುತ್ತದೆ. ನಿಮ್ಮ ಮನೆಯ ಜಾಗ ಮತ್ತು ಹೊರಡುವ ದಿನಾಂಕವನ್ನು ನನಗೆ ಖಾಸಗಿ ಸಂದೇಶದಲ್ಲಿ ತಿಳಿಸಿ, ಅದಕ್ಕೆ ಮುಂಚೆ ಒಮ್ಮೆ ಬಂದು ಫೀಡರ್ ಇರುವ ಜಾಗ ನೋಡಿಕೊಂಡು ಹೋಗುತ್ತೇನೆ.